ಒಳಗಿನ ಚಿಲಕ

"ನನಗೆ ನನ್ನದೇ ಆದ ಕೋಣೆ ಇದೆ."

"ಗಟ್ಟಿಯಾಗಿ ಹೇಳು. ಗಂಟಲಲ್ಲಿ ಏನಾದ್ರೂ ಸಿಕ್ಕಿಕೊಂಡಿದೆಯಾ?"

"ನನಗೆ ನನ್ನದೇ ಆದ ಕೋಣೆ ಇದೆ. ಕೋಣೆಗೆ ಬಾಗಿಲಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ."

ಹೀಗೆ ಒಪ್ಪಿಸುತ್ತಿದ್ದಾಗ ಆಯಾ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ಪಾಠ ಹೇಳಿಸುತ್ತಿದ್ದ ಸೊಸೆ ಬಾಗಿಲಾಚೆ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಪಾಠವೂ ಆಗಬೇಕು, ನಾತವೂ ತಗುಲಬಾರದು. ಆ ನಾತ ಸೊಸೆಯ ಅತ್ತೆಯದು, ಆಯಾಳದಲ್ಲ. ಆದರೆ ಆ ಮನೆಯಲ್ಲಿ ಅದು ಆಯಾಳ ನಾತವೆಂದೇ ನಡೆದು ಬಂದಿತ್ತು.

ಅತ್ತೆಯನ್ನು ಆಯಾ ಅಜ್ಜಿ ಅನ್ನುತ್ತಿದ್ದಳು. ಅಜ್ಜಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಎತ್ತುವುದು, ಹೊರಳಿಸುವುದು, ಒರೆಸುವುದು, ಉಣಿಸುವುದು, ಬೆನ್ನಿನ ಹುಣ್ಣಿಗೆ ಪುಡಿ ಹಾಕುವುದು, ಮತ್ತೆ ಎತ್ತುವುದು. ಅಜ್ಜಿಯ ಮೈಭಾರ ಎಷ್ಟು ಅಂತ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆಯಾಳ ಸೊಂಟಕ್ಕೆ ಗೊತ್ತಿತ್ತು. ಅಜ್ಜಿಗೊಬ್ಬ ಮಗ. ದಿನಾ ಆಫೀಸಿಗೆ ಹೋಗುವ ಮುಂಚೆ ಕೋಣೆಯ ಹೊಸ್ತಿಲಲ್ಲಿ ನಿಂತು, "ಹೇಗಿದ್ದೀಯಮ್ಮಾ" ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋಗುವುದು ಅವನ ಮಾತೃಭಕ್ತಿ.

ದಾರದ ಉಪಾಯ ಹೊಳೆದದ್ದು ಅವನಿಗೇ. ಮೊದಲು ಅಜ್ಜಿಯ ಕೈಗೆ ಗಂಟೆ ಕೊಟ್ಟಿದ್ದರು. ಗಂಟೆ ಬಾರಿಸಿದರೆ ಮನೆಮಂದಿಯೆಲ್ಲ ಏಳುತ್ತಿದ್ದರು. ಏಳಬೇಕಾದವಳು ಒಬ್ಬಳೇ ಅಲ್ಲವೇ, ಎಲ್ಲರ ನಿದ್ದೆ ಯಾಕೆ ಹಾಳಾಗಬೇಕು. ಅದಕ್ಕೇ ಒಂದು ನೈಲಾನ್ ದಾರ. ಒಂದು ತುದಿ ಅಜ್ಜಿಯ ಬಲಗೈಗೆ. ಇನ್ನೊಂದು ತುದಿ ಮಂಚದ ಕೆಳಗೆ ಚಾಪೆಯ ಮೇಲೆ ಮಲಗಿದ ಆಯಾಳ ಮಣಿಕಟ್ಟಿಗೆ. ಅಜ್ಜಿ ಎಳೆದರೆ ಆಯಾ ಏಳಬೇಕು. "ಬಂದೆ ಅಜ್ಜಿ" ಅನ್ನಬೇಕು. ಬಾಯಾರಿಕೆಗೆ ಎಳೆತ, ಒದ್ದೆಯಾದರೆ ಎಳೆತ, ಕೆಟ್ಟ ಕನಸು ಬಿದ್ದರೆ ಎಳೆತ. ಸುಮ್ಮನೆ ಒಂಟಿ ಅನ್ನಿಸಿದರೂ ಎಳೆತ. ಮಣಿಕಟ್ಟಿನ ಸುತ್ತ ಚರ್ಮ ಕಪ್ಪಗೆ ದಪ್ಪಗಾಗಿ ಬಳೆಯ ಹಾಗೆ ಕೂತಿತ್ತು.

ಆರು ವರ್ಷದಲ್ಲಿ ಆಯಾ ಒಂದೇ ಒಂದು ರಾತ್ರಿ ಪೂರ್ತಿ ಮಲಗಿರಲಿಲ್ಲ. ನಿಂತಲ್ಲೇ ತೂಕಡಿಸುತ್ತಿದ್ದಳು. ಒಮ್ಮೆ ತೂಕಡಿಸುತ್ತಾ ಕುದಿಯುವ ಗಂಜಿಯನ್ನು ತನ್ನ ಕಾಲ ಮೇಲೇ ಸುರಿದುಕೊಂಡಿದ್ದಳು. ಇನ್ನೊಮ್ಮೆ ನಡುರಾತ್ರಿಯ ಮೇಲೆ ಎಷ್ಟು ಎಳೆದರೂ ಆಯಾಳಿಗೆ ಎಚ್ಚರವಾಗದೆ ಅಜ್ಜಿ ಬೆಳಗಿನವರೆಗೂ ಒದ್ದೆಯಲ್ಲೇ ಇದ್ದಳು. ಅವತ್ತು ಸೊಸೆಯ ಕೈಯಲ್ಲಿದ್ದ ಸ್ಟೀಲ್ ಜಗ್ಗು ಆಯಾಳ ಕಿವಿಯ ಮೇಲೆ ಬಿತ್ತು.

ಈಗ ಅಜ್ಜಿಯ ಮೊಮ್ಮಗಳಿಗೆ ಯುರೋಪಿನ ಒಂದು ದೇಶದಲ್ಲಿ ಮದುವೆ. ಅಜ್ಜಿ ಬರಲೇಬೇಕೆಂದು ಮೊಮ್ಮಗಳ ಹಟ. ಅಜ್ಜಿ ಹೋಗಬೇಕಾದರೆ ಎತ್ತುವವಳೂ ಹೋಗಬೇಕು. ಹತ್ತು ದಿನದ ಪ್ರಯಾಣ. ಅಷ್ಟಕ್ಕೇ ಆ ದೇಶದವರ ನಿಯಮಗಳು ಒಂದೆರಡಲ್ಲ. ಮನೆಯವರ ಜೊತೆ ಬರುವ ಆಳಿಗೆ ಮಲಗಲು ಬೇರೆ ಕೋಣೆ ಇರಬೇಕು. ವಾರಕ್ಕೊಂದು ರಜೆ ಇರಬೇಕು. ರಾತ್ರಿ ವಿಶ್ರಾಂತಿ ಇರಬೇಕು. ಪಾಸ್‌ಪೋರ್ಟ್ ಅವಳ ಕೈಯಲ್ಲೇ ಇರಬೇಕು. ಈಗ ಕೆಲಸ ಮಾಡುವ ಮನೆಯಲ್ಲೂ ಇದೆಲ್ಲ ಇದೆಯೆಂದು ತೋರಿಸಬೇಕು. ವೀಸಾ ಏಜೆಂಟ್ ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಹೇಳಿದ್ದ: "ಇವಳನ್ನ ಒಬ್ಬಳನ್ನೇ ಒಳಗೆ ಕರೀತಾರೆ ಸಾರ್. ನೀವ್ಯಾರೂ ಇರೋ ಹಾಗಿಲ್ಲ. ಬಾಯಿ ತಪ್ಪಿದ್ರೆ ಕೆಲಸ ಕೆಡುತ್ತೆ. ಚೆನ್ನಾಗಿ ಬಾಯಿಪಾಠ ಮಾಡಿಸಿ."

ಬಾಯಿಪಾಠ ಶುರುವಾಯಿತು. ಬಟ್ಟೆ ಹಿಂಡುವಾಗ, ಅಜ್ಜಿಯ ಕಾಲು ಒತ್ತುವಾಗ, ನೆಲ ಒರೆಸುವಾಗ. ಕೂರಿಸಿ ಹೇಳಿಕೊಟ್ಟರೆ ಕೆಲಸ ನಿಲ್ಲುತ್ತದಲ್ಲ.

"ರಾತ್ರಿ ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ವಾರಕ್ಕೊಂದು ದಿನ ರಜೆ ಇದೆ. ನನ್ನ ಮೇಲೆ ಯಾರೂ ಕೈ ಮಾಡುವುದಿಲ್ಲ."

ಆಯಾಳ ಮಾತು ಅಲ್ಲಿಗೆ ನಿಂತಿತು. ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು.

"ಅದು ಹೊಡೆದದ್ದಲ್ಲ," ಅಂದಳು ಸೊಸೆ. "ಜಾರಿ ಬಿತ್ತು. ಮುಂದಿಂದು ಹೇಳು."

"ಪಾಸ್‌ಪೋರ್ಟ್," ಅಂತ ಅಜ್ಜಿ ಹಾಸಿಗೆಯಿಂದಲೇ ಮುಂದಿನ ಮಾತು ಎತ್ತಿಕೊಟ್ಟಳು. ಅಜ್ಜಿಗೆ ಪಾಠ ಆಯಾಳಿಗಿಂತ ಮೊದಲೇ ಬಾಯಿಗೆ ಬಂದಿತ್ತು. ಮೈ ಬಿದ್ದಿತ್ತೇ ಹೊರತು ತಲೆ ಚುರುಕಾಗಿತ್ತು. ಸೂರು ನೋಡಿಕೊಂಡು ಮಲಗಿದ್ದವಳಿಗೆ ಇದೊಂದು ಒಳ್ಳೆಯ ಕಾಲಕ್ಷೇಪ.

"ನನ್ನ ಪಾಸ್‌ಪೋರ್ಟ್ ನನ್ನ ಬಳಿಯೇ ಇದೆ."

ಅದು ಮಗನ ಬೀರುವಿನಲ್ಲಿತ್ತು. ಆಯಾ ಅದನ್ನು ಮುಟ್ಟಿಯೂ ಇರಲಿಲ್ಲ.

ಒಂದು ಭಾನುವಾರ ಫೋಟೊ ತೆಗೆದರು. ಮೇಲಿನ ನೆಂಟರ ಕೋಣೆಯ ಬೀರುವಿನಲ್ಲಿ ಆಯಾಳ ಎರಡು ಸೀರೆ ನೇತುಹಾಕಿದರು. ಕಿಟಕಿಯ ಮೇಲೆ ಅವಳ ಬಾಚಣಿಗೆ ಇಟ್ಟರು. ಅವಳನ್ನು ಮಂಚದ ಮೇಲೆ ಕೂರಿಸಿದರು. "ಸ್ವಲ್ಪ ನಗು," ಅಂದ ಮಗ. ಹಾಸಿಗೆ ಮೆತ್ತಗೆ ಒಳಗೆ ಹೋಯಿತು. ಆಯಾಳಿಗೆ ನಗು ಬರಲಿಲ್ಲ, ನಿದ್ದೆ ಬಂತು. ಬಾಗಿಲ ಹಿಂದೆ ಹಿತ್ತಾಳೆಯ ಚಿಲಕ ಹೊಳೆಯುತ್ತಿತ್ತು. ಫೋಟೊ ಮುಗಿದ ಮೇಲೆ ಸೀರೆ ತೆಗೆದರು, ಬಾಚಣಿಗೆ ತೆಗೆದರು. ಅವಳು ಎದ್ದ ಕೂಡಲೇ ಸೊಸೆ ಹಾಸಿಗೆಯ ಮೇಲುಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೆಲಕ್ಕೆ ಹಾಕಿದಳು. "ಇದನ್ನ ಒಗೆಯೋಕೆ ಹಾಕು."

ಒಗೆದವಳೂ ಆಯಾಳೇ. ಉಜ್ಜಿ ಉಜ್ಜಿ ಒಗೆದಳು. ಏನು ಹೋಗಬೇಕೆಂದು ಉಜ್ಜುತ್ತಿದ್ದೇನೆ ಅಂತ ಅವಳಿಗೇ ತಿಳಿಯಲಿಲ್ಲ. ಹೊದಿಕೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

ಆದರೆ ಒಂದೇ ಮಾತನ್ನು ವಾರಗಟ್ಟಲೆ ಹೇಳಿಸಿದರೆ ಅದು ಬಾಯಲ್ಲೇ ಉಳಿಯುವುದಿಲ್ಲ, ಒಳಗಿಳಿಯುತ್ತದೆ. ಸೊಸೆಗೆ ಇದು ಹೊಳೆಯಲಿಲ್ಲ. ಸುಳ್ಳು ಕಲಿಸುತ್ತಿದ್ದೇನೆ ಅಂದುಕೊಂಡಳು. ಆಯಾ ಆಸೆ ಕಲಿಯುತ್ತಿದ್ದಳು. ಇಲ್ಲಿ ಕೋಣೆ ಇರುವುದು ಸುಳ್ಳು, ಸರಿ. ಆದರೆ ಅಲ್ಲಿ? ಅಷ್ಟು ದೊಡ್ಡ ದೇಶ, ಅಷ್ಟು ಕಟ್ಟುನಿಟ್ಟು.

"ಅಮ್ಮಾವ್ರೇ, ಅಲ್ಲಿ ನಿಜವಾಗ್ಲೂ ಕೋಣೆ ಕೊಡ್ತಾರಾ?"

"ಹ್ಞೂಂ, ಕೊಡ್ತಾರೆ ಕೊಡ್ತಾರೆ. ಅಲ್ಲಿ ಕಾನೂನು ಅಂದ್ರೆ ಕಾನೂನು. ಮೊದಲಿಂದ ಹೇಳು."

ಆಯಾ ಮೊದಲಿಂದ ಹೇಳಿದಳು. ಆ ರಾತ್ರಿ ಚಾಪೆಯ ಮೇಲಿಂದಲೇ ತಂಗಿಗೆ ಫೋನ್ ಮಾಡಿದಳು. "ಅಲ್ಲಿ ನನಗೇ ಅಂತ ಕೋಣೆಯಂತೆ ಕಣೇ. ಹೋದ ದಿನಾನೇ ಚಿಲಕ ಹಾಕಿ ಮಲಗಿಬಿಡ್ತೀನಿ."

"ಜನ ಊರು ನೋಡೋಕೆ ಹೋದ್ರೆ ನೀನು ಮಲಗೋಕೆ ಹೋಗ್ತೀಯಲ್ಲೇ ಅಕ್ಕ," ತಂಗಿ ನಕ್ಕಳು. "ಅದಕ್ಕೆ ವಿಮಾನ ಯಾಕೆ, ನನ್ನ ಮನೆಗೇ ಬಾ."

"ನಿನ್ನ ಮನೆಗೆ ಬರೋಕೆ ರಜೆ ಎಲ್ಲಿದೆ."

ವಾರಕ್ಕೊಂದು ರಜೆ ಇದೆ ಅಂತ ಅವತ್ತು ಬೆಳಿಗ್ಗೆ ತಾನೇ ಒಪ್ಪಿಸಿದ್ದಳು. ನೆನಪಾಗಿ ಇಬ್ಬರೂ ನಕ್ಕರು. ನಕ್ಕು ಮುಗಿಯುವ ಮೊದಲೇ ದಾರ ಎಳೆಯಿತು.

ಸಂದರ್ಶನದ ಹಿಂದಿನ ದಿನ ಸೊಸೆ ಪೆಟ್ಟಿಗೆ ತುಂಬಿಸುತ್ತಿದ್ದಳು. ಅಜ್ಜಿಯ ಮೆತ್ತೆ, ಔಷಧಿ, ರಬ್ಬರ್ ಹಾಳೆ. ಒಂದೊಂದಾಗಿ ಎತ್ತಿಕೊಡುತ್ತಿದ್ದ ಆಯಾಳ ಕೈಗೆ ಹೊಸ ಪೊಟ್ಟಣವೊಂದು ಸಿಕ್ಕಿತು. ಬಿಡಿಸಿ ನೋಡಿದಳು. ದಾರ. ಹೊಸದು. ರೇಷ್ಮೆಯಂಥದ್ದು, ತಿಳಿ ಗುಲಾಬಿ ಬಣ್ಣದ್ದು, ಹಳೆಯದಕ್ಕಿಂತ ಉದ್ದ.

"ಇದು ಯಾಕಮ್ಮಾ?"

"ಹೊಸ ಜಾಗ. ಅತ್ತೆಗೆ ನಿದ್ದೆ ಬರಲ್ಲ, ಜಾಸ್ತಿ ಏಳ್ತಾರೆ. ಅಲ್ಲಿನ ಗೋಡೆ ತೆಳು ಬೇರೆ, ಕೂಗಿದ್ರೆ ಅಕ್ಕಪಕ್ಕದವರು ದೂರು ಕೊಡ್ತಾರಂತೆ. ಹಳೇದು ಕೊಳಕಾಗಿತ್ತು. ಮದುವೆಗೆ ಬಂದವರು ನೋಡಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು."

"ನನ್ನ ಕೋಣೆ?"

"ಯಾವ ಕೋಣೆ?" ಸೊಸೆಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾದಾಗ ನಗು ಬಂತು. "ಅಯ್ಯೋ ಮಾರಾಯ್ತಿ. ಅದು ಅಲ್ಲಿ ಹೇಳೋಕೆ."

ಆಯಾ ದಾರವನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಆರು ವರ್ಷದಲ್ಲಿ ಅವಳಿಗೆ ಇಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಜಗ್ಗು ಬಿದ್ದಾಗಲೂ ಬಂದಿರಲಿಲ್ಲ. ಆಗ ಅವಳಿಗೆ ಯಾವ ಆಸೆಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಸೊಸೆ ತನ್ನ ಹಳೆಯ ಉದ್ದತೋಳಿನ ರವಿಕೆ ಕೊಟ್ಟಳು. ಮಣಿಕಟ್ಟು ಮುಚ್ಚಬೇಕು. ಅಜ್ಜಿಯ ಬಳಿ ಅಡುಗೆಯವಳನ್ನು ಕೂರಿಸಿ ಮೂವರೂ ಹೊರಟರು. ವೀಸಾ ಕಚೇರಿ ಎತ್ತರದ ಗಾಜಿನ ಕಟ್ಟಡ. ಕಾಯುವ ಜಾಗದಲ್ಲಿ ಜನ ಎದೆಗೆ ಫೈಲು ಅವುಚಿಕೊಂಡು ಕೂತಿದ್ದರು. ತಾವು ಕಳ್ಳರಲ್ಲ, ಅಲ್ಲೇ ಉಳಿದುಬಿಡುವವರಲ್ಲ, ಮದುವೆ ನೋಡಿ, ಮಗಳ ಮುಖ ನೋಡಿ, ಬಾಲ ಮುದುರಿಕೊಂಡು ವಾಪಸು ಬರುವವರು ಅಂತ ತೋರಿಸಬೇಕಿತ್ತು. ದೊಡ್ಡ ದೊಡ್ಡವರೂ ಅಲ್ಲಿ ಕುಗ್ಗಿ ಕೂತಿದ್ದರು. ಮನೆಯಲ್ಲಿ ಎದೆಯುಬ್ಬಿಸಿ ನಡೆಯುವ ಮಗ ಅಲ್ಲಿನ ಕಾವಲುಗಾರನಿಗೆ "ಸಾರ್" ಅಂದದ್ದನ್ನು ಆಯಾ ಕಿವಿಯಾರೆ ಕೇಳಿದಳು.

ಅವಳನ್ನು ಒಬ್ಬಳನ್ನೇ ಕರೆದರು.

ಗಾಜಿನಾಚೆ ಆ ದೇಶದ ಆಫೀಸರು, ಕತ್ತರಿಸಿದ ಕೂದಲಿನ ಬಿಳಿ ಹೆಂಗಸು. ಪಕ್ಕದಲ್ಲಿ ಅವಳ ಮಾತನ್ನು ಕನ್ನಡಕ್ಕೆ ತರುವ ದುಭಾಷಿ, ಟೈ ಕಟ್ಟಿದ ನಮ್ಮವನೇ. ಆಫೀಸರು ಎಷ್ಟು ಮರ್ಯಾದೆ ಕೊಟ್ಟು ಕೇಳಿದಳೋ ಏನೋ, ದುಭಾಷಿಯ ಬಾಯಿಂದ ಬಂದಾಗ ಅದು ಏಕವಚನವಾಗಿತ್ತು.

"ಬೆರಳಚ್ಚು ಕೊಡು. ಕೈ ಇಡು."

ಆಯಾ ಯಂತ್ರದ ಮೇಲೆ ಕೈ ಇಟ್ಟಳು. ರವಿಕೆಯ ತೋಳು ಹಿಂದೆ ಸರಿಯಿತು. ಆಫೀಸರಳ ಕಣ್ಣು ಮಣಿಕಟ್ಟಿನ ಮೇಲೆ ಬಿತ್ತು. ಬಿದ್ದ ಕಣ್ಣು ಅಲ್ಲೇ ನಿಂತಿತು. ಆದರೆ ಅದರ ಬಗ್ಗೆ ಅವಳು ಕೇಳಲಿಲ್ಲ. ಮುಂದಿದ್ದ ಪ್ರಶ್ನೆಗಳಲ್ಲಿ ಅದು ಇರಲಿಲ್ಲವೇನೋ.

"ಮನೆಯಲ್ಲಿ ನಿನಗೆ ಬೇರೆ ಕೋಣೆ ಇದೆಯಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದರೆ ತಾನಾಗಿಯೇ ಹೊರಬೀಳುತ್ತಿತ್ತು. ಆಯಾ ಅದನ್ನು ನುಂಗಿದಳು.

"ಇಲ್ಲ."

ದುಭಾಷಿ ತಲೆಯೆತ್ತಿದ. "ಸರಿಯಾಗಿ ಕೇಳಿಸ್ತಾ ನಿನಗೆ?"

"ಕೇಳಿಸ್ತು. ಇಲ್ಲ ಅಂದೆ. ಅವರಿಗೆ ಹೇಳಿ."

"ಈ ಫೋಟೊ ನಿನ್ನ ಕೋಣೆಯದ್ದಲ್ವಾ?"

"ಕೂರಿಸಿ ತೆಗೆದ್ರು. ನಾನು ಎದ್ದ ಮೇಲೆ ಹೊದಿಕೆ ಒಗೆಯೋಕೆ ಹಾಕಿದ್ರು. ನಾನೇ ಒಗೆದೆ."

"ಮತ್ತೆ ಎಲ್ಲಿ ಮಲಗ್ತೀಯ?"

ಆಯಾ ತೋಳನ್ನು ಮೊಣಕೈವರೆಗೂ ಎಳೆದು ಮಣಿಕಟ್ಟನ್ನು ಗಾಜಿಗೆ ಒತ್ತಿ ಹಿಡಿದಳು. "ಅಜ್ಜಿ ಮಂಚದ ಕೆಳಗೆ. ಇಲ್ಲಿಗೆ ದಾರ ಕಟ್ಕೊಂಡು. ಅವರು ಎಳೆದ್ರೆ ಏಳ್ಬೇಕು. ರಜೆ ಇಲ್ಲ. ಪಾಸ್‌ಪೋರ್ಟ್ ಇವತ್ತೇ ನೋಡಿದ್ದು. ಜಗ್ಗಲ್ಲಿ ಹೊಡೆದಿದ್ದಾರೆ. ನಿಮ್ಮ ದೇಶಕ್ಕೆ ಅಂತಲೇ ಹೊಸ ದಾರ ತಂದಿದ್ದಾರೆ, ಗುಲಾಬಿ ಬಣ್ಣದ್ದು."

ಆಫೀಸರು ಎಲ್ಲವನ್ನೂ ಟೈಪ್ ಮಾಡಿಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಮೆಲ್ಲಗೆ, ಉದ್ದಕ್ಕೆ ಏನೋ ಹೇಳಿದಳು. ದುಭಾಷಿ ಅದನ್ನು ಮೊಟಕು ಮಾಡಿದ: "ನಿನಗೆ ವೀಸಾ ಕೊಡೋಕಾಗಲ್ಲ. ನಿಯಮಕ್ಕೆ ಹೊಂದೋದಿಲ್ಲ. ಇದು ನಿನ್ನ ರಕ್ಷಣೆಗೇ."

"ಅವರಿಗೆ?"

"ಅವರದು ಬೇರೆ ಅರ್ಜಿ. ಅದು ನಿನಗೆ ಸಂಬಂಧ ಇಲ್ಲ."

"ಕಟ್ಟಿಸ್ಕೊಂಡವಳು ಬರೋ ಹಾಗಿಲ್ಲ. ಕಟ್ಟಿದವರು ಬರಬಹುದು."

ದುಭಾಷಿ ಟೈ ಸರಿಮಾಡಿಕೊಂಡ.

"ಈಗ ನಾನು ಅದೇ ಮನೆಗೆ ಹೋಗ್ಬೇಕು. ಅಲ್ಲಿ ನಿಮ್ಮ ನಿಯಮ ಏನು ಮಾಡುತ್ತೆ, ಕೇಳಿ."

ಅವನು ಕೇಳಿದ. ಅವಳು ತಲೆಯಲ್ಲಾಡಿಸಿದಳು. "ಅಲ್ಲಿ ಇವರಿಗೆ ಅಧಿಕಾರ ಇಲ್ಲ. ನಿಯಮ ಇರೋದು ಇವರ ದೇಶದ ಒಳಗೆ ಮಾತ್ರ."

ಆಯಾಳ ದನಿ ಏರಲಿಲ್ಲ. ಗಟ್ಟಿಯಾಯಿತು ಅಷ್ಟೇ. "ಹಾಗಾದ್ರೆ ನಿಮ್ಮ ಕಾನೂನು ನನಗಲ್ಲ. ನಿಮ್ಮ ನೆಲಕ್ಕೆ. ನಿಮ್ಮ ನೆಲದ ಮೇಲೆ ಇಂಥದ್ದು ಆಗಬಾರದು, ನಿಮ್ಮ ಕಣ್ಣಿಗೆ ಬೀಳಬಾರದು. ಹತ್ತು ದಿನ ಅಲ್ಲಿದ್ರೆ ನಾನು ಮನುಷ್ಯಳು. ವಿಮಾನ ಹತ್ತಿ ವಾಪಸು ಬಂದ್ರೆ ಯಾರು ಹೇಗಾದ್ರೂ ಕಟ್ಟಿ ಹಾಕ್ಲಿ. ಅಲ್ವಾ? ನಿಮ್ಮ ಮನೆ ಅಂಗಳ ಚೊಕ್ಕಟವಾಗಿದ್ರೆ ಸಾಕು."

"ಇದನ್ನೆಲ್ಲ ಹೇಳೋಕಾಗಲ್ಲಮ್ಮ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು."

"ಹೇಳಿ. ನಿಮ್ಮನ್ನ ಅಲ್ಲಿ ಕೂರಿಸಿರೋದು ಅದಕ್ಕೆ ತಾನೇ."

ಅವನು ಏನೋ ಎರಡು ಮಾತು ಹೇಳಿದ. ಎಲ್ಲವನ್ನೂ ಹೇಳಲಿಲ್ಲ, ಅದು ಆಯಾಳಿಗೆ ಗೊತ್ತಾಯಿತು. ಆಫೀಸರು ಅವಳ ಕಡೆ ನೋಡಿ ಒಂದೇ ಒಂದು ಮಾತಾಡಿದಳು.

"ಅವರಿಗೆ ಬೇಸರ ಆಗಿದೆಯಂತೆ."

"ಆಗ್ಲಿ," ಅಂದಳು ಆಯಾ.

ಗಾಜಿನ ಕೆಳಗಿನ ಸಂದಿಯಿಂದ ಪಾಸ್‌ಪೋರ್ಟ್ ಹೊರಬಂತು. "ಇದು ನಿನ್ನದು, ನೀನೇ ಇಟ್ಕೋಬೇಕು ಅಂತಿದಾರೆ." ಆಯಾ ಅದನ್ನು ಸೆರಗಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊರಗೆ ಸೊಸೆ ತುದಿಗಾಲಲ್ಲಿ ನಿಂತಿದ್ದಳು. "ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿದ್ಯಾ?"

"ಎಲ್ಲಾ ಸರಿಯಾಗಿ ಹೇಳ್ದೆ."

"ಅಬ್ಬ. ಕೊಡು ಇಲ್ಲಿ ಪಾಸ್‌ಪೋರ್ಟು."

"ಕೊಡಲ್ಲ."

ಸೊಸೆಯ ಚಾಚಿದ ಕೈ ಚಾಚಿದಂತೇ ಉಳಿಯಿತು. ಆ ಮನೆಯಲ್ಲಿ ಆಯಾಳ ಬಾಯಿಂದ ಈ ಮಾತು ಬಂದದ್ದು ಯಾರಿಗೂ ನೆನಪಿಲ್ಲ. ಅಲ್ಲಿ ಜನರಿದ್ದರು. ಕಿತ್ತುಕೊಳ್ಳುವ ಹಾಗಿರಲಿಲ್ಲ. ಕಾರು ಹತ್ತಿದ ಮೇಲೆ ಆಯಾ ಒಳಗೆ ಹೇಳಿದ್ದನ್ನು ಹೇಳಿದಂತೆಯೇ ಹೇಳಿದಳು. ಮಗ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದ. ಬೈಗುಳ ಎರಡೂ ಕಡೆಯಿಂದ ಬಂತು. ಬೈಗುಳದಲ್ಲಿ ಅವಳ ಹುಟ್ಟು ಬಂತು, ಅವಳ ಅಮ್ಮ ಬಂದಳು.

"ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದೇನಾ ನೀನು ಮಾಡೋದು?" ಅಂದಳು ಸೊಸೆ.

"ಪುಕ್ಕಟೆ ಹಾಕಲಿಲ್ಲ ಅಮ್ಮಾವ್ರೇ. ನಿಮ್ಮತ್ತೆ ಹೇಲು ಬಳಿದಿದ್ದೀನಿ. ನೀವು ಒಂದಿನ ಬಳಿದಿದ್ದೀರಾ?"

ಮಗ ಹಿಂದೆ ತಿರುಗಿದ. "ನಿನ್ನ ಹೆಸರು ಕೆಟ್ಟಿತು, ತಿಳ್ಕೋ. ಕಂಪ್ಯೂಟರಲ್ಲಿ ಬರ್ಕೊಂಡಿರ್ತಾರೆ. ಇನ್ನು ಜನ್ಮದಲ್ಲಿ ಯಾವ ದೇಶಕ್ಕೂ ಹೋಗೋಕಾಗಲ್ಲ."

"ನನಗ್ಯಾವ ದೇಶ ಸಾರ್? ನಿಮ್ಮ ಬಚ್ಚಲು ದಾಟಿದ್ರೆ ಸಾಕಾಗಿತ್ತು."

ಮನೆ ಮುಟ್ಟಿದಾಗ ಇನ್ನೂ ಸುಡುಬಿಸಿಲು. ಅಡುಗೆಯವಳು ಮೂಗು ಮುಚ್ಚಿಕೊಂಡು ಅಜ್ಜಿಯ ಕೋಣೆಯಿಂದ ಹೊರಗೋಡಿದಳು. ಅಜ್ಜಿ ಒದ್ದೆಯಲ್ಲಿದ್ದಳು.

"ಏನಾಯ್ತೇ? ಪಾಸಾ, ಫೇಲಾ?"

"ಫೇಲು ಅಜ್ಜಿ."

"ಅಷ್ಟು ಹೇಳಿಕೊಟ್ಟೆನಲ್ಲೇ."

"ಬಾಯಿಗೆ ಬಂತು ಅಜ್ಜಿ. ನುಂಗಿಬಿಟ್ಟೆ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಆಯಾ ಅವಳನ್ನು ಒರೆಸಿ, ಬಟ್ಟೆ ಬದಲಿಸಿ, ಹುಣ್ಣಿಗೆ ಪುಡಿ ಹಾಕಿ, ಎಡಕ್ಕೆ ಹೊರಳಿಸಿ ಮಲಗಿಸಿದಳು. ಆಯಾಳ ಸೊಂಟ ಚುಳುಕ್ ಅಂದಿತು. ಅಷ್ಟರಲ್ಲಿ ಮಗ ಒಳಗೆ ಬಂದು ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತ. ಇವಳ ದ್ರೋಹವನ್ನು ಅಮ್ಮನಿಗೆ ವರದಿ ಮಾಡಬೇಕಿತ್ತು. ಆರು ವರ್ಷದಲ್ಲಿ ಅವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

ಆಯಾ ಪೆಟ್ಟಿಗೆ ತೆರೆದು ಗುಲಾಬಿ ದಾರ ತೆಗೆದಳು. ಒಂದು ತುದಿಯನ್ನು ಅಜ್ಜಿಯ ಬಲಗೈಗೆ ಕಟ್ಟಿದಳು. ಇನ್ನೊಂದು ತುದಿಯನ್ನು ಕುರ್ಚಿಯ ಮೇಲಿದ್ದ ಮಗನ ಕೈಗೆ ಸುತ್ತಿ, ಒಂದೇ ಕೈಯಲ್ಲಿ ಗಂಟು ಬಿಗಿದಳು. ದಿನಾ ಕಟ್ಟಿ ರೂಢಿಯಾದ ಗಂಟು. ಅವನು ಬಾಯಿ ತೆರೆಯುವ ಮೊದಲೇ ಬಿದ್ದಾಗಿತ್ತು.

"ನಿಮ್ಮ ಅಮ್ಮ," ಅಂದಳು. "ನಾಳೆ ಬೆಳಿಗ್ಗೆ ನಾನು ನನ್ನ ತಂಗಿ ಮನೆಗೆ ಹೋಗ್ತೀನಿ. ನಿದ್ದೆ ಮುಗಿದ ಮೇಲೆ."

ಮೆಟ್ಟಿಲು ಹತ್ತಿದಳು. ನೆಂಟರ ಕೋಣೆಯ ಬಾಗಿಲು ತಳ್ಳಿದಳು. ತಾನೇ ಒಗೆದ ಹೊದಿಕೆ ಮಂಚದ ಮೇಲೆ ಬಿಗಿಯಾಗಿ ಹಾಸಿತ್ತು. ಬಾಗಿಲು ಮುಚ್ಚಿ ಹಿತ್ತಾಳೆಯ ಚಿಲಕ ಎಳೆದಳು. ಕಾಲು ತೊಳೆಯದೆ ಮಂಚ ಹತ್ತಿದಳು. ಪಾಸ್‌ಪೋರ್ಟನ್ನು ದಿಂಬಿನ ಕೆಳಗಿಟ್ಟಳು.

ಸೊಸೆ ಹಿಂದೆಯೇ ಓಡಿಬಂದಿದ್ದಳು. ಬಾಗಿಲು ದಬದಬ ಬಡಿದಳು. "ಏಯ್, ತೆಗಿ ಬಾಗಿಲು. ಯಾರ ಕೋಣೆ ಅಂದ್ಕೊಂಡಿದೀಯ. ಪೊಲೀಸರನ್ನ ಕರೀತೀನಿ."

ಆಯಾ ಮಲಗಿದಲ್ಲಿಂದಲೇ, ಕಲಿಸಿದ ದನಿಯಲ್ಲೇ, ಒಂದಕ್ಷರ ತಪ್ಪದೆ ಒಪ್ಪಿಸಿದಳು.

"ನನಗೆ ನನ್ನದೇ ಆದ ಕೋಣೆ ಇದೆ. ಕೋಣೆಗೆ ಬಾಗಿಲಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ. ರಾತ್ರಿ ನನ್ನನ್ನು ಯಾರೂ ಎಬ್ಬಿಸುವುದಿಲ್ಲ. ವಾರಕ್ಕೊಂದು ದಿನ ರಜೆ ಇದೆ. ನನ್ನ ಮೇಲೆ ಯಾರೂ ಕೈ ಮಾಡುವುದಿಲ್ಲ."

ಬಡಿತ ನಿಂತಿತು. ಕೆಳಗಿನಿಂದ, ಮೆಟ್ಟಿಲ ಬುಡದ ತೆರೆದ ಬಾಗಿಲಿನಿಂದ, ಅಜ್ಜಿಯ ಒಡಕು ದನಿ ಕೇಳಿಸಿತು.

"ಪಾಸ್‌ಪೋರ್ಟು ಬಿಟ್ಟೆಯಲ್ಲೇ."

"ನನ್ನ ಪಾಸ್‌ಪೋರ್ಟ್ ನನ್ನ ಬಳಿಯೇ ಇದೆ," ಅಂದಳು ಆಯಾ.

ಕೆಳಗೆ ಅಜ್ಜಿ ದಾರ ಎಳೆದಿರಬೇಕು. ಕುರ್ಚಿ ಕಿರುಗುಟ್ಟಿತು. ಮಗನ ದನಿ ಕೇಳಿಸಿತು, ಬೆಚ್ಚಿಬಿದ್ದವನ ದನಿ: "ಬಂದೆ ಅಮ್ಮಾ."

ಆಯಾಳ ಮಣಿಕಟ್ಟು ರೂಢಿಯಿಂದ ಒಮ್ಮೆ ಅದುರಿತು. ಅವಳು ಆ ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು.